ಎರಡು ಪುರಾವೆ ಇಲ್ಲದ ತಾರೀಖು

ತಾರೀಖಿನ ವಿಷಯದಲ್ಲಿ ನಾನು ಬಿಗಿಯಾದಷ್ಟೂ ತಾರೀಖುಗಳು ನನ್ನನ್ನು ಪೇಚಿಗೆ ಸಿಕ್ಕಿಸುತ್ತಲೇ ಬಂದಿವೆ. ನಾನು ಮೊದಲು ಇತಿಹಾಸದ ಮಾಸ್ತರ, ಆಮೇಲೆ ಹೆಡ್‌ಮಾಸ್ತರ. ವರ್ಗವಾಗಿ ಹೋದ ಪ್ರತಿ ಶಾಲೆಯಲ್ಲೂ ಪ್ರಾರ್ಥನೆಯ ಅಂಗಳದಲ್ಲಿ ಒಂದು ಕರಿಹಲಗೆ ನಿಲ್ಲಿಸುತ್ತಿದ್ದೆ. ಮೇಲೆ ‘ಈ ದಿನ’ ಎಂದು ದಪ್ಪಕ್ಷರ. ಕೆಳಗೆ, ಚರಿತ್ರೆಯಲ್ಲಿ ಆ ತಾರೀಖಿಗೆ ನಡೆದದ್ದು. ನಿಯಮ ಒಂದೇ: ಎರಡು ಪುರಾವೆ ತಾಳೆಯಾಗದೆ ಏನನ್ನೂ ಬರೆಯಬಾರದು. ನಿವೃತ್ತಿಯ ತನಕ ಆ ಹಲಗೆಯ ಮೇಲೆ ಒಂದೂ ತಪ್ಪು ತಾರೀಖು ಬೀಳಬಾರದೆಂಬುದು ನನ್ನ ಹಟ. ಉಳಿದದ್ದನ್ನು ಜನ ನೋಡಿಕೊಂಡರು.

ಇಂಡಿ: ಚಂದ್ರನ ಮೇಲೆ ತಾರೀಖೆಷ್ಟು?

ಸಹೋದ್ಯೋಗಿಯೊಬ್ಬರು ಜುಲೈ ಇಪ್ಪತ್ತಕ್ಕೆ ‘ಮನುಷ್ಯ ಚಂದ್ರನ ಮೇಲೆ ಇಳಿದ ದಿನ’ ಎಂದು ಬರೆದಿದ್ದರು. ನಾನು ಅಳಿಸಿದೆ. ಅಮೆರಿಕದಲ್ಲಿ ಇಪ್ಪತ್ತು ಇರಬಹುದು. ಆ ಹೊತ್ತಿಗೆ ನಮ್ಮಲ್ಲಿ ಮಧ್ಯರಾತ್ರಿ ದಾಟಿ ಇಪ್ಪತ್ತೊಂದಾಗಿತ್ತು. ಮರುದಿನ ನಾನೇ ಬರೆದು, ಇದನ್ನು ಎಲ್ಲ ಮಾಸ್ತರರಿಗೂ ವಿವರವಾಗಿ ತಿಳಿಸಿದೆ. ಮೊಮ್ಮಗನ ದಾಖಲೆ ಒಯ್ಯಲು ತಾಂಬಾದಿಂದ ಬಂದಿದ್ದ ಒಬ್ಬ ಅಜ್ಜ ಪಕ್ಕದಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡ.

“ಅಮೆರಿಕಾದಾಗ ಇಪ್ಪತ್ತು, ಇಂಡ್ಯಾಗ ಇಪ್ಪತ್ತೊಂದು. ಹೌದಿಲ್ರಿ?”

“ಹೌದು ಅಜ್ಜಾರ. ಎರಡು ಪುಸ್ತಕ ನೋಡೇನಿ.”

“ಇರ್ಲಿ ಬಿಡ್ರಿ. ಅಂವಾ ಕಾಲಿಟ್ಟಲ್ಲೆ ಎಷ್ಟನೇ ತಾರೀಖಿತ್ತು?”

ಎರಡೂ ಪುಸ್ತಕಗಳನ್ನು ಮತ್ತೆ ತೆಗೆದು ನೋಡಿದೆ. ಬರೆದವರಿಗೆ ತಾಂಬಾದ ಅಜ್ಜಂದಿರ ಪರಿಚಯವಿರಲಿಲ್ಲ.

ಸಿಂದಗಿ: ಹೊಳೆಯಾಚೆಯ ಸ್ವಾತಂತ್ರ್ಯ

ಆಗ ನನ್ನ ಶಾಲೆ ಆಲಮೇಲದ ಹತ್ತಿರ. ಭೀಮೆಯ ಈಚೆ ದಂಡೆಯ ನಾವು ಹಿಂದೆ ಮುಂಬೈ ಪ್ರಾಂತ್ಯದವರು. ನಮಗೆ ಆಗಸ್ಟ್ ಹದಿನೈದಕ್ಕೇ ಸ್ವಾತಂತ್ರ್ಯ. ಭೀಮೆಯ ಆಚೆ ನಿಜಾಮನ ಸೀಮೆ. ಅವರು ಬಿಡುಗಡೆಯಾದದ್ದು ಮರುವರ್ಷದ ಸೆಪ್ಟೆಂಬರ್ ಹದಿನೇಳಕ್ಕೆ. ಪ್ರತಿ ವರ್ಷ ಅವತ್ತು ಅಲ್ಲಿ ಧ್ವಜ, ಲಾಡು, ರಜೆ. ಇಲ್ಲಿ ಎಂದಿನಂತೆ ಪಾಠ. ಒಂದು ವರ್ಷ ಹಿಂದಿನ ದಿನವೇ ಒಬ್ಬ ತಂದೆ ಮಗನ ರಜೆಯ ಚೀಟಿ ತಂದುಕೊಟ್ಟ. ‘ಇವನ ಸೋದರಮಾವನ ಊರಿಗೆ ಸ್ವಾತಂತ್ರ್ಯ ತಡವಾಗಿ ಬಂದ ಕಾರಣ ಒಂದು ದಿನದ ರಜೆ ಕೊಡಬೇಕು.’

“ಹೋದ ತಿಂಗಳ ಒಮ್ಮೆ ಸ್ವಾತಂತ್ರ್ಯ ತಗೊಂಡಾನಲ್ಲಪಾ,” ಎಂದೆ.

“ಅದು ನನ್ನ ಕಡಿದ್ರಿ, ಇದು ಅವರವ್ವನ ಕಡಿದು.”

ಪುಸ್ತಕ ತೆಗೆದು ನೋಡಿದೆ. ಎರಡೂ ಸ್ವಾತಂತ್ರ್ಯದ ತಾರೀಖು ತಾಳೆಯಾದವು. ಸಹಿ ಹಾಕಿದೆ.

ಮುದ್ದೇಬಿಹಾಳ: ಏನೂ ನಡೆಯದ ದಿನ

ಫೆಬ್ರವರಿಯ ಒಂದು ದಿನಕ್ಕೆ ನನ್ನ ಪುಸ್ತಕಗಳಲ್ಲಿ ಏನೂ ಸಿಗಲಿಲ್ಲ. ಸುಳ್ಳು ಬರೆಯುವ ಪೈಕಿ ನಾನಲ್ಲ. ‘ಈ ದಿನ ಏನೂ ನಡೆದಿಲ್ಲ’ ಎಂದು ಬರೆದೆ. ಬಿಸಿಯೂಟ ಮಾಡುವ ಹೆಣ್ಣುಮಗಳು, ನಮ್ಮ ಶಾಲೆಯ ಸಿಪಾಯಿಯ ಹೆಂಡತಿ, ಸೌಟು ಹಿಡಿದೇ ಆಫೀಸಿಗೆ ಬಂದಳು.

“ಏನೂ ನಡದಿಲ್ಲ ಅಂತ ಹ್ಯಾಂಗ ಬರದ್ರಿ? ಇವತ್ತ ನನ್ನ ಮದಿವಿ ಆದ ದಿನಾ.”

“ಪುರಾವೆ ಏನೈತವ್ವಾ?”

ಮನೆಗೆ ಹೋದಳು. ನಮ್ಮಲ್ಲಿ ಮದುವೆಗೆ ಉಡುಗೊರೆ ಕೊಡುವ ಪಾತ್ರೆಯ ಮೇಲೆ ಕೊಟ್ಟವರ ಹೆಸರು, ತಾರೀಖು ಕೊರೆಸುವುದು ರೂಢಿ. ಒಂದು ಸ್ಟೀಲಿನ ಕೊಡ ತಂದು ಮೇಜಿನ ಮೇಲೆ ಇಟ್ಟಳು. “ಇದು ಒಂದ್ರಿ.” ಪಕ್ಕದಲ್ಲಿ ಹಿಟ್ಟು ನಾದುವ ಒಂದು ಪರಾತ ಇಟ್ಟಳು. “ಇದು ಎರಡ್ರಿ.” ತಾರೀಖು ಎರಡರ ಮೇಲೂ ಒಂದೇ.

ನಿಯಮ ನಿಯಮವೇ. ಹಲಗೆ ಒರೆಸಿ ಅವರ ಮದುವೆಯನ್ನು ಬರೆದೆ. ಅವಳು ಪಾತ್ರೆ ಎತ್ತಿಕೊಂಡು ಹೋದ ಮೇಲೆ ಸಿಪಾಯಿ ಮೆಲ್ಲಗೆ ಬಂದು ನಿಂತ.

“ಸರ್, ಮದಲ ಬರದಿದ್ರಲ್ಲ, ಅದೇ ಖರೇ ಇತ್ತ್ ನೋಡ್ರಿ.”

ಬಸವನ ಬಾಗೇವಾಡಿ: ಜೂನ್ ಒಂದು

ಇದು ನನ್ನ ಕೊನೆಯ ಶಾಲೆ. ನಮ್ಮ ಸೀಮೆಯ ಹಳೆಯ ದಾಖಲಾತಿ ರಜಿಸ್ಟರ್ ತೆರೆದರೆ ಅರ್ಧ ಊರು ಜೂನ್ ಒಂದಕ್ಕೇ ಹುಟ್ಟಿದೆ. ಮಗು ತಲೆಯ ಮೇಲಿಂದ ಕೈ ಹಾಯಿಸಿ ಆಚೆ ಕಿವಿ ಮುಟ್ಟಿದರೆ ಆರು ತುಂಬಿತೆಂದು ಮಾಸ್ತರರು ಜೂನ್ ಒಂದು ಬರೆದುಬಿಡುತ್ತಿದ್ದರು. ನನ್ನದೂ ಜೂನ್ ಒಂದೇ. ಆದರೆ ನಾನು ವಿಜಾಪುರದ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವನು. ಅಲ್ಲಿ ಕಿವಿ ಮುಟ್ಟಿಸುತ್ತಿರಲಿಲ್ಲ. ಆದ್ದರಿಂದ ನನ್ನ ತಾರೀಖು ಖರೆಯದು ಎಂದು ಸ್ಟಾಫ್ ರೂಮಿನಲ್ಲಿ ವರ್ಷಕ್ಕೊಮ್ಮೆಯಾದರೂ ಹೇಳುತ್ತಿದ್ದೆ.

ಮೇ ಮೂವತ್ತೊಂದಕ್ಕೆ ನಿವೃತ್ತನಾದೆ. ಮರುದಿನ ಬೀಳ್ಕೊಡುಗೆ. ಡ್ರಿಲ್ ಮಾಸ್ತರರು ಹಲಗೆಯ ಮೇಲೆ ಬಣ್ಣದ ಚಾಕಿನಲ್ಲಿ ಬರೆದಿದ್ದರು: ‘ಈ ದಿನ ನಮ್ಮ ಹೆಡ್‌ಮಾಸ್ತರರು ಹುಟ್ಟಿದರು.’

“ಎರಡು ಪುರಾವೆ?” ಎಂದೆ, ರೂಢಿಯಂತೆ.

“ಒಂದು ನಿಮ್ಮ ಸರ್ವಿಸ್ ಬುಕ್ಕರಿ. ಎರಡನೇದು ಇಲ್ಲೇ ಕುಂತಾರ ನೋಡ್ರಿ.”

ಹೂವಿನ ಹಿಪ್ಪರಗಿಯಿಂದ ನನ್ನ ಸೋದರತ್ತೆಯನ್ನು ಕರೆಸಿದ್ದರು. ಎಂಬತ್ತು ದಾಟಿದ ಜೀವ. ನಾನು ಹುಟ್ಟಿದ್ದನ್ನು ಕಂಡವರಲ್ಲಿ ಉಳಿದವಳು ಅವಳೊಬ್ಬಳೇ. ಡ್ರಿಲ್ ಮಾಸ್ತರರು ಅವಳ ಮುಂದೆ ಮೈಕು ಹಿಡಿದು, ಜೂನ್ ಒಂದು ಹೌದೇ ಎಂದು ಕೇಳಿದರು.

“ಯಾವ ಜೂನಪಾ?” ಎಂದಳು ಅತ್ತೆ. “ಇಂವಾ ಹುಟ್ಟಿದ್ದು ಎಳ್ಳ ಅಮಾಸಿಗಿ. ಬುತ್ತಿ ಕಟಗೊಂಡು ಊರಿಗೂರೇ ಚರಗಾ ಚೆಲ್ಲಾಕ ಹೊಲಕ್ಕ ಹೋಗಿತ್ತು. ಸೂಲಗಿತ್ತಿನೂ ಹೋಗಿದ್ಲು. ಮನ್ಯಾಗ ನಾ ಒಬ್ಬಾಕಿ.” ಚರಗ ಎಂದರೆ, ವರ್ಷವರ್ಷವೂ ಡಿಸೆಂಬರ್ ಕೊನೆಯ ಸುಮಾರಿಗೆ ಬರುವ ಆ ಅಮಾವಾಸ್ಯೆಗೆ ಹೊಲದಲ್ಲಿ ಎರಚುವ ಎಡೆ.

“ಅತ್ತಿ, ಅಪ್ಪ ಸಾಲ್ಯಾಗ ಜೂನ್ ಒಂದು ಬರಸ್ಯಾನಲ್ಲ?”

“ಆ ಇಂಗ್ಲಿಷ್ ಸಾಲಿಯವ್ರು ವಯಸ್ಸು ಸಾಲೂದಿಲ್ಲ ಅಂದ್ರು. ನಿಮ್ಮಪ್ಪ ಏಳು ತಿಂಗಳ ಮದಲೇ ನಿನ್ನ ಹುಟ್ಟಿಸಿಬಿಟ್ಟ.”

ಹಿಂದಿನ ಸಾಲಿನಿಂದ ಯಾರೋ ಲೆಕ್ಕ ಹಾಕಿದರು: “ಹಂಗಾದ್ರ ಸರ್‌ದು ಇನ್ನೂ ಏಳು ತಿಂಗಳ ನೌಕರಿ ಐತಿ.” ಹಿಂದಿನ ಸಂಜೆಯಷ್ಟೇ ಕೀಲಿಕೈ ಇಸಿದುಕೊಂಡಿದ್ದ ಹೊಸ ಹೆಡ್‌ಮಾಸ್ತರರು ಅಂಗಿಯ ಕಿಸೆ ಮುಟ್ಟಿ ನೋಡಿಕೊಂಡರು.

ಪುರಾವೆ ಎರಡು, ತಾಳೆಯಾಗಲಿಲ್ಲ. ನಾನು ವೇದಿಕೆ ಇಳಿದು ಹೋಗಿ ಹಲಗೆ ಒರೆಸಿದೆ. ಬಣ್ಣದ ಚಾಕು ಬಿಟ್ಟು ಬಿಳಿಯದನ್ನು ತೆಗೆದುಕೊಂಡು ಬರೆದೆ: ‘ಈ ದಿನ ಏನೂ ನಡೆದಿಲ್ಲ.’

ಡ್ರಿಲ್ ಮಾಸ್ತರರು ಸುಗಂಧಿ ಹೂವಿನ ಮಾಲೆ ಹಿಡಿದು ಹಾಗೇ ನಿಂತಿದ್ದರು. “ಹಂಗಾದ್ರ ಸರ್, ಈ ಮಾಲಿ ಎಳ್ಳ ಅಮಾಸಿಗೇ ಹಾಕೂಣೇನ್ರಿ?”

ನಾನು ಉತ್ತರಿಸುವ ಮೊದಲೇ ಅತ್ತೆ ಮೈಕಿನಲ್ಲಿ ಹೇಳಿದಳು:

“ಇವತ್ತೇ ಹಾಕಿ ಬಿಡೋ ತಮ್ಮಾ. ಅವತ್ತ ಊರಾಗ ಯಾರೂ ಇರೂದಿಲ್ಲ.”