ಖಾಲಿ ಬಿಡಬಾರದ ಕಾಲಂ

ಕೆಲಸದಲ್ಲಿದ್ದಾಗ ನಗು ಬರುವಂಥದ್ದೇನಾದರೂ ನಡೆದರೆ ಅಡುಗೆಮನೆಗೆ ಓಡಿ ಬಂದು ಯಾರಿಗಾದರೂ ಹೇಳುತ್ತಿದ್ದೆ. ರಿಟೈರಾದ ಮೇಲೆ ಅಂಥವು ಇನ್ನೂ ಹೆಚ್ಚಾಗಿ ನಡೆದವು. ಕೇಳುವವರು ಮಾತ್ರ ಇರಲಿಲ್ಲ. ಅದಕ್ಕೇ ಬರೆದಿಡಲು ಶುರು ಮಾಡಿದೆ.

ಮಾರಿಕಣಿವೆಯಲ್ಲಿ ಅಣೆಕಟ್ಟೆ ನೋಡಲು ಬರುವ ಸಾಹೇಬರುಗಳು ಇಳಿದುಕೊಳ್ಳುವ ಸರ್ಕಾರಿ ಬಂಗಲೆಗೆ ಎಲ್ಲರೂ ಐಬಿ ಅನ್ನುತ್ತಾರೆ. ಅಲ್ಲಿ ಇಪ್ಪತ್ತಾರು ವರ್ಷ ಅಡುಗೆ ಮಾಡಿದೆ. ಗಂಡ ತೀರಿಕೊಂಡಾಗ ನನಗೆ ಮಕ್ಕಳೂ ಇರಲಿಲ್ಲ, ಅಕ್ಷರವೂ ಇರಲಿಲ್ಲ. ಅಣ್ಣಂದಿರು ಕುರಿ ಹಿಂದೆ ಹೋಗು ಅಂದರು. ನಾನು ಕೆಲಸ ಕೇಳಿ ಅಣೆಕಟ್ಟೆಯ ಇಂಜಿನಿಯರ ಮುಂದೆ ಹೋಗಿ ನಿಂತೆ. ಓದು ಕಲಿತದ್ದು ಐಬಿಯ ರಿಜಿಸ್ಟರಿನಿಂದ. ಬಂದವರು ಹೋಗುವಾಗ ಅದರಲ್ಲಿ ಎರಡು ಸಾಲು ಬರೆದು ಹೋಗುತ್ತಿದ್ದರು. ಒಂದೊಂದೇ ಅಕ್ಷರ ಕೂಡಿಸಿ ನಾನು ಮೊದಲು ಓದಿದ ಸಾಲು, 'ಊಟ ಚೆನ್ನಾಗಿತ್ತು.' ಅದು ನನ್ನ ವಿಷಯವೇ ಅಂತ ತಿಳಿದ ಮೇಲೆ ಓದುವುದನ್ನು ಬಿಡಲಿಲ್ಲ.

ಅದೇ ರಿಜಿಸ್ಟರಿನಿಂದ ಇನ್ನೊಂದು ಪಾಠವನ್ನೂ ಕಲಿತೆ. ಯಾವ ಕಾಲಮನ್ನೂ ಖಾಲಿ ಬಿಡಬಾರದು. "ಖಾಲಿ ಬಿಟ್ರೆ ನಾಳೆ ಅದರಾಗೆ ಯಾರು ಏನು ತುಂಬ್ತಾರೋ" ಅಂತ ಇಂಜಿನಿಯರು ಬೈಯುತ್ತಿದ್ದರು. ಮುಂದೆ ನಡೆದದ್ದಕ್ಕೆಲ್ಲ ಈ ಪಾಠವೇ ಕಾರಣ.

ಮತ್ತೆ ಐಬಿನಾ?

ರಿಟೈರಾದಾಗ ಕ್ವಾರ್ಟರ್ಸ್ ಬಿಡಬೇಕಾಯಿತು. ಹಿರಿಯೂರಿನಲ್ಲಿ ಒಂದು ಮನೆಯ ಹಿತ್ತಲ ಕೋಣೆ ಬಾಡಿಗೆಗೆ ಹಿಡಿದೆ. ಮೊದಲ ದಿನ ಅನ್ನಕ್ಕಿಟ್ಟು, ಬಸಿದು, ಎಲೆ ಹಾಕಿಕೊಂಡು ಕೂತ ಮೇಲೆ ನೋಡುತ್ತೇನೆ, ಎಂಟು ಜನರ ಅನ್ನ. ಮಾರನೇ ದಿನ ಕೈ ಹಿಡಿದು ಹಾಕಿದೆ. ಆರು ಜನರದಾಯಿತು. ಅದಕ್ಕಿಂತ ಕೆಳಗೆ ನನ್ನ ಕೈ ಇಳಿಯಲೇ ಇಲ್ಲ. ನಮ್ಮ ಓಣಿಯ ನಾಯಿಗಳು ದಪ್ಪಗಾದವು.

"ಅಜ್ಜಿ, ಯಾರಾದ್ರೂ ನೆಂಟ್ರು ಬರ್ತಾರಾ?" ಅಂತ ಮನೆಯೊಡತಿ ದಿನಾ ಕೇಳುತ್ತಿದ್ದಳು.

"ಬರಬೌದು" ಅನ್ನುತ್ತಿದ್ದೆ.

ಒಂದು ದಿನ ಬೆಲ್ಲ ಕಟ್ಟಿಕೊಟ್ಟ ಪೇಪರಿನಲ್ಲಿ ಒಂದು ಪ್ರಕಟಣೆ ಓದಿದೆ. ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಯಲ್ಲಿ, ಎಣ್ಣೆ ಮಿಲ್ಲಿನ ಸಾಹುಕಾರರೊಬ್ಬರು ತಾಯಿಯ ನೆನಪಿಗೆ ಒಂದು ಮನೆ ಕಟ್ಟಿಸಿದ್ದಾರಂತೆ. ವಯಸ್ಸಾದವರು ತಿಂಗಳಿಗಿಷ್ಟು ಅಂತ ಕಟ್ಟಿ ಅಲ್ಲೇ ಇರಬಹುದು, ಊಟ ಅಲ್ಲೇ. ಹೆಸರು ವಿಶ್ರಾಂತಿ ಗೃಹ. ಪಂಕ್ತಿಯಲ್ಲಿ ಕೂತು ಉಣ್ಣುವ ಜನ ಕಣ್ಣ ಮುಂದೆ ಬಂದರು. ಹೋಗಲೇಬೇಕು ಅನ್ನಿಸಿತು.

ಐಬಿಯ ಬೋರ್ಡಿನ ಮೇಲೂ 'ವಿಶ್ರಾಂತಿ ಗೃಹ' ಅಂತಲೇ ಬರೆದಿತ್ತು. ಹಾಗಾಗಿ ಮನೆಯೊಡತಿ ಬಾಯಿ ಬಿಟ್ಟಳು. "ಮತ್ತೆ ಐಬಿಗಾ? ಈ ವಯಸ್ನಾಗೆ ಯಾರಿಗೆ ಬೇಯಿಸಿ ಹಾಕಾಕೆ ಹೋಗ್ತೀರಿ?"

"ಬೇಯಿಸಿ ಹಾಕಾಕಲ್ಲ ತಾಯಿ. ಈ ಸಲ ಕುಂತು ಉಣ್ಣಾಕೆ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀವಾ? ಕುಂತಾ?" ಅಂದು ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ಒಳಗೆ ಹೋದಳು. ಗೋಡೆಯಾಚೆ ಅವಳು ನಗುವುದು ಸಂಜೆವರೆಗೂ ಕೇಳುತ್ತಿತ್ತು.

ಬೇಳೆ ಯಾವ ಬಸ್ಸಿಗೆ?

ದುರ್ಗದಲ್ಲಿ ಒಂದು ಬಸ್ಸು, ಹೊಳಲ್ಕೆರೆಯಲ್ಲಿ ಇನ್ನೊಂದು ಬಸ್ಸು ಬದಲಿಸಿ ರಾಮಗಿರಿಗೆ ಹೋದೆ. ಮನೆ ನೋಡಿಕೊಳ್ಳುವವರು ಹೊಸದುರ್ಗದ ಕಡೆಯ ರಿಟೈರಾದ ಮೇಷ್ಟ್ರು. ಎಂಟು ಕೋಣೆ ತೋರಿಸಿ, "ಬರ್ರಿ, ಊಟಕ್ಕೆ ಕುಂತ್ಕಳ್ರಿ" ಅಂದರು.

ಕೂತೆ. ಅಡುಗೆಯವನು ಸಾರು ಬಿಟ್ಟ. ತಟ್ಟೆಯ ತಳದಲ್ಲಿ ಬರೆದಿದ್ದ ಸಾಹುಕಾರರ ತಾಯಿಯ ಹೆಸರನ್ನು ಸಾರಿನ ಮೂಲಕವೇ ಸಲೀಸಾಗಿ ಓದಿದೆ.

"ಮೇಷ್ಟ್ರೇ, ಸಾರು ಬಂತು. ಬೇಳೆ ಯಾವ ಬಸ್ಸಿಗೆ ಬರ್ತೈತೆ?"

ಪಂಕ್ತಿಯ ಕೊನೆಯಲ್ಲಿ ಒಬ್ಬಾಕೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ನಕ್ಕು ನಕ್ಕು ಕೆಮ್ಮು ಹತ್ತಿತು. ನಾನೇ ಎದ್ದು ಹೋಗಿ ನೀರು ಕುಡಿಸಿದೆ.

"ನಿನ್ನ ಹೆಸರೇನೇ?" ಅಂದಳು.

"ಕರಿಯಮ್ಮ."

"ಅಯ್ಯೋ, ನಾನೂ ಕರಿಯಮ್ಮನೇ! ನಿನ್ನ ವಯಸ್ಸೆಷ್ಟು?"

ಹೇಳಿದೆ. ಅವಳು ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ನಮ್ಮ ಸೀಮೆಯಲ್ಲಿ ಅಕ್ಕತಂಗಿಯರಿಗೆ ಒಂದೇ ದೇವರ ಹೆಸರಿಟ್ಟು, ದೊಡ್ಡ ಸಣ್ಣ ಅಂತ ಕರೆಯುವುದುಂಟು. ಅವಳು ಅಲ್ಲೇ ತೀರ್ಮಾನ ಮಾಡಿಬಿಟ್ಟಳು. "ಹಂಗಾದ್ರೆ ನಾನು ದೊಡ್ಡ ಕರಿಯಮ್ಮ, ನೀನು ಸಣ್ಣ ಕರಿಯಮ್ಮ. ಯಾವಾಗ ಬರ್ತೀಯಲೇ ಸಣ್ಣಿ?"

ನನ್ನನ್ನು ಹಾಗೆ ಕರೆದವರು ಯಾರೂ ಉಳಿದಿರಲಿಲ್ಲ. ನಾನು ಬೇರೆಲ್ಲೋ ನೋಡುತ್ತಾ, "ಬೇಳೆ ಬಂದ ಬಸ್ಸಿಗೇ ಬರ್ತೀನಿ" ಅಂದೆ. ಮತ್ತೆ ಅವಳಿಗೆ ಕೆಮ್ಮು ಹತ್ತಿತು.

ಎಲ್ಲಾ ತುಂಬಿದೆ

ಹೊರಡುವ ಮೊದಲು ಮೇಷ್ಟ್ರು ಒಂದು ಫಾರಂ ಕೊಟ್ಟರು. ಹೆಸರು ಬರೆದೆ, ವಯಸ್ಸು ಬರೆದೆ, ಕಾಯಿಲೆ ಇಲ್ಲ ಅಂತ ಬರೆದೆ. ಕೊನೆಗೆ ಒಂದು ಕಾಲಂ ಇತ್ತು: 'ತೀರಿಕೊಂಡಲ್ಲಿ ಯಾರಿಗೆ ತಿಳಿಸಬೇಕು?'

ಅಣ್ಣಂದಿರು ತೀರಿಕೊಂಡು ಬಹಳ ವರ್ಷವಾಗಿತ್ತು. ಮದಕರಿಪುರದಲ್ಲಿ ಅವರ ಮಕ್ಕಳಿದ್ದಾರೆ, ಆದರೆ ಎದುರಿಗೆ ಬಂದರೆ ಅವರಿಗೆ ನನ್ನ ಗುರುತು ಹತ್ತುವುದಿಲ್ಲ. ಬದುಕಿರುವಾಗ ಗುರುತಿಲ್ಲದವರಿಗೆ ಸತ್ತ ಮೇಲೆ ಪರಿಚಯ ಮಾಡಿಸುವುದೇಕೆ? ಹಾಗಂತ ಖಾಲಿ ಬಿಡಲು ಕೈ ಬರಲಿಲ್ಲ. ನನ್ನ ವಿಷಯ ಮೊದಲು ಗೊತ್ತಾಗಬೇಕಾದವಳು ನಾನೇ ತಾನೇ? ಬರೆದೆ: 'ಕರಿಯಮ್ಮ, ಹಿತ್ತಲ ಕೋಣೆ, ಹಿರಿಯೂರು.'

"ಎಲ್ಲಾ ತುಂಬಿದ್ರಾ?" ಅಂದರು ಮೇಷ್ಟ್ರು.

"ಒಂದೂ ಖಾಲಿ ಇಲ್ಲ."

ಅವರು ಮೇಲೆ ಮೇಲೆ ಕಣ್ಣಾಡಿಸಿ ಫೈಲಿನಲ್ಲಿಟ್ಟರು. "ನಲವತ್ತು ವರ್ಷ ಪಾಠ ಮಾಡಿದ್ದೀನಮ್ಮ. ಇಷ್ಟು ನೀಟಾಗಿ ಫಾರಂ ತುಂಬಿದವರನ್ನ ನೋಡಿಲ್ಲ."

ಆ ಅಜ್ಜಿ ಎಲ್ಲಿ?

ತೊಡಕಾದದ್ದು ತಿಂಗಳ ಹಣದ್ದು. ಅಲ್ಲಿ ಕಟ್ಟಬೇಕಾದ್ದು ಅರವತ್ತು ರೂಪಾಯಿ. ನನ್ನ ಪಿಂಚಣಿ ಐವತ್ತೆರಡು. ಕಾಫಿ ಬಿಟ್ಟು ನೋಡಿದೆ, ಎಲೆಅಡಿಕೆ ಬಿಟ್ಟು ನೋಡಿದೆ. ಆದರೆ ಏನು ಬಿಟ್ಟರೂ ಐವತ್ತೆರಡು ಐವತ್ತೆರಡೇ.

ಮೇಷ್ಟ್ರು ಒಂದು ದಾರಿ ಹೇಳಿದ್ದರು. ದಿಕ್ಕಿಲ್ಲದವರು ಅಂತ ತಾಲ್ಲೂಕು ಕಚೇರಿಯಿಂದ ಬರೆಸಿಕೊಂಡು ಬಂದರೆ ಅರ್ಧ ಹಣ ಸಾಕು. ಎರಡು ತಿಂಗಳು ಆ ಮಾತೇ ಬೇಡ ಅಂತಿದ್ದೆ. ಒಂದು ಸಂಜೆ ಮಿಕ್ಕ ಅನ್ನ ಹಾಕಲು ಹೊರಗೆ ಬಂದರೆ, ಅವತ್ತು ನಾಯಿಗಳೂ ಬಂದಿರಲಿಲ್ಲ. ಮಾರನೇ ದಿನ ಬೆಳಿಗ್ಗೆ ಕಚೇರಿಗೆ ಹೊರಟೆ.

ಸರ್ಕಾರಿ ಕಚೇರಿಗೆ ಹಾಗೇ ಹೋಗುವುದು ನನ್ನ ಅಭ್ಯಾಸವಲ್ಲ. ಇಳಕಲ್ ಸೀರೆ ಉಟ್ಟೆ, ಕಾಲಿಗೆ ಚಪ್ಪಲಿ ಹಾಕಿ ಕೊಡೆ ಹಿಡಿದೆ. ಗುಮಾಸ್ತರು ನನ್ನನ್ನು ಕಂಡೊಡನೆ ಎದ್ದು ಕುರ್ಚಿ ಎಳೆದರು.

"ಬರ್ರಿ ಅಮ್ಮ, ಕುಂತ್ಕಳ್ರಿ. ಏನಾಗಬೇಕಿತ್ತು?"

"ದಿಕ್ಕಿಲ್ಲದವರು ಅಂತ ಒಂದು ಸರ್ಟಿಫಿಕೇಟ್ ಬೇಕಿತ್ತು."

"ಒಳ್ಳೇ ಕೆಲಸ ಮಾಡ್ತಿದೀರಿ. ನಿಮ್ಮಂಥೋರು ಓಡಾಡಿದ್ರೇನೇ ಪಾಪ ಅಂಥೋರಿಗೆ ಏನಾದ್ರೂ ಆಗೋದು. ಆದ್ರೆ ಆ ಅಜ್ಜಿನ ನಾವು ಕಣ್ಣಾರೆ ನೋಡಬೇಕಾಗ್ತದೆ. ಎಲ್ಲಿ, ಹೊರಗೆ ನಿಲ್ಲಿಸಿದೀರಾ?"

ಎರಡು ಮಾತು ಹೇಳಿದ್ದರೆ ಕೆಲಸ ಆಗಿಹೋಗುತ್ತಿತ್ತು. ಬಾಗಿಲ ಕಡೆ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ.

"ಇಲ್ಲ, ಆಕೆ ಬರಲಿಲ್ಲ" ಅಂದು ಎದ್ದೆ. "ಬಹಳ ಜಂಬದ ಮುದುಕಿ ಸ್ವಾಮಿ. ಎಷ್ಟು ಹೇಳಿದ್ರೂ ಒಪ್ಪಂಗಿಲ್ಲ."

"ಅಂಥೋರಿಗೆ ನೀವಾದ್ರೂ ಬುದ್ಧಿ ಹೇಳ್ರಿ" ಅಂದರು ಗುಮಾಸ್ತರು.

ದಾರಿಯುದ್ದಕ್ಕೂ ಹೇಳಿದೆ. ಕೇಳಲಿಲ್ಲ.

ಕಾರ್ಡು

ಇನ್ನೆರಡು ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ಅಂಚೆಯವನು ಒಂದು ಕಾರ್ಡು ತಂದ. ನನಗೆ ಕಾರ್ಡು ಬರುವುದೆಂದರೆ ದೊಡ್ಡ ವಿಷಯ. ಕನ್ನಡಕ ಒರೆಸಿಕೊಂಡು ಓದಿದೆ.

'ನಿಮ್ಮ ಸಂಬಂಧಿಕರಾದ ಕರಿಯಮ್ಮನವರು ನಮ್ಮ ವಿಶ್ರಾಂತಿ ಗೃಹದಲ್ಲಿ ತೀರಿಕೊಂಡರು. ಮಣ್ಣು ಮಾಡಿದ್ದೇವೆ. ಬರುವ ಸೋಮವಾರ ಹನ್ನೊಂದನೇ ದಿನದ ಕಾರ್ಯ. ತಪ್ಪದೆ ಬರಬೇಕು.'

ಮೂರು ಸಲ ಓದಿದೆ. ನನ್ನ ಓದಿನಲ್ಲೇ ತಪ್ಪಿರಬಹುದು ಅಂತ ಮನೆಯೊಡತಿಯ ಕೈಗೆ ಕೊಟ್ಟೆ.

ಅವಳು ಓದಿದಳು, ನನ್ನ ಮುಖ ನೋಡಿದಳು, ಮತ್ತೆ ಓದಿದಳು. "ಅಜ್ಜಿ, ನೀವು ತೀರಿಕೊಂಡ್ರಂತೆ."

"ಹಂಗಂತ ಬರೆದೈತೆ."

"ಮಣ್ಣೂ ಆಗೈತಂತೆ."

"ಅದೂ ಓದ್ದೆ."

"ಹೋಗ್ತೀರಾ?"

"ತಪ್ಪದೆ ಬರಬೇಕು ಅಂತ ಬರೆದವ್ರಲ್ಲ. ಹೋಗದಿದ್ರೆ ಚೆನ್ನಾಗಿರಲ್ಲ."

ಅವಳು ಕಾರ್ಡು ವಾಪಸ್ಸು ಕೊಟ್ಟಳು. "ಹೋಗ್ರಿ ಹೋಗ್ರಿ. ಹನ್ನೊಂದರ ಊಟ, ಪಾಯಸ ಮಾಡಿರ್ತಾರೆ."

ಬಸ್ಸಿನಲ್ಲಿ ಕೂತ ಮೇಲೆ ನಗು ನಿಂತಿತು. ನಾನು ಇಲ್ಲಿದ್ದೇನೆ ಅಂದರೆ ಅಲ್ಲಿ ಹೋದದ್ದು ಯಾರು ಅನ್ನುವುದು ದುರ್ಗ ದಾಟುವ ಹೊತ್ತಿಗೆ ತಲೆಗೆ ಹೊಳೆಯಿತು.

ಮೇಷ್ಟ್ರು ನನ್ನ ಕೈಯಲ್ಲಿದ್ದ ಕಾರ್ಡು ಓದಿ ಗಾಬರಿಯಾದರು. ಕಾರ್ಡು ಬರೆದದ್ದು ಹೊಸದಾಗಿ ಸೇರಿದ ಗುಮಾಸ್ತ. ಅವನು ಎರಡು ಫಾರಂ ತಂದು ಮುಂದಿಟ್ಟ. ಎರಡರಲ್ಲೂ ಹೆಸರು ಕರಿಯಮ್ಮ. ಅವಳ ಫಾರಂನಲ್ಲಿ ಕೊನೆಯ ಕಾಲಂ ಖಾಲಿ. ನನ್ನದರಲ್ಲಿ ತುಂಬಿತ್ತು.

"ಖಾಲಿ ಇದ್ದ ಫಾರಂ ಇಟ್ಕಂಡು ಯಾರಿಗೆ ಬರೀಲಿ?" ಅಂದ ಗುಮಾಸ್ತ. "ಇನ್ನೊಂದರಾಗೆ ಹಿರಿಯೂರಿನ ಕರಿಯಮ್ಮ ಅಂತಿತ್ತು. ಆ ಅಜ್ಜಿ ದಿನಾ ಹೇಳೋದು, ಹಿರಿಯೂರಾಗೆ ನನ್ನ ತಂಗಿ ಅವಳೆ, ಸಣ್ಣ ಕರಿಯಮ್ಮ, ಬೇಳೆ ಬಸ್ಸಿಗೆ ಬರ್ತಾಳೆ ಅಂತ. ನಿಜ ಅಂದ್ಕಂಡೆ."

ಎಡೆಯ ಅಡುಗೆಗೆ ಒಲೆ ಹಚ್ಚುವ ಹೊತ್ತಿಗೆ ಮೇಷ್ಟ್ರು ಮೆಲ್ಲಗೆ, "ಸಂಬಂಧಿಕರು ಅಂತ ಯಾರೂ ಬಂದಿಲ್ಲ" ಅಂದರು.

"ಕಾರ್ಡು ಹಾಕಿ ಕರೆಸಿದೀರಲ್ಲ" ಅಂದು ಸೆರಗು ಸಿಕ್ಕಿಸಿ ಅಡುಗೆಮನೆಗೆ ಹೋದೆ. ಅಡುಗೆಯವನನ್ನು ಕಟ್ಟೆಯ ಮೇಲೆ ಕೂರಿಸಿ ನಾನೇ ಬೇಳೆ ಹಾಕಿದೆ, ಅಕ್ಕಿ ಹಾಕಿದೆ, ಪಾಯಸ ಮಾಡಿದೆ. ಮೊದಲ ಎಡೆ ಅವಳಿಗಿಟ್ಟೆ. ಸಾರು ಎರಡು ಸೌಟು ಹೆಚ್ಚಿಗೆ ಬಿಟ್ಟೆ. ರಿಟೈರಾದ ಮೇಲೆ ಅವತ್ತೇ ಮೊದಲು, ಪಾತ್ರೆಯಲ್ಲಿ ಒಂದು ಅಗಳೂ ಮಿಗಲಿಲ್ಲ.

ಉಂಡ ಮೇಲೆ ಮೇಷ್ಟ್ರು ಕೈ ಒರೆಸಿಕೊಳ್ಳುತ್ತಾ ಬಂದರು. "ಇಲ್ಲೇ ಇರ್ರಮ್ಮ. ಬೆಳಿಗ್ಗೆ ಹೊತ್ತು ಒಂದಿಷ್ಟು ಅಡುಗೆ ಕಡೆ ನೋಡ್ಕಳ್ರಿ. ತಿಂಗಳಿಗೆ ಹತ್ತು ರೂಪಾಯಿ ಕಡಿಮೆ ಮಾಡ್ಕಳಾಣ."

"ಕಡಿಮೆ ಗಿಡಿಮೆ ಬೇಡ. ಎಲ್ಲರಂಗೆ ಅರವತ್ತು ನಾನು ಕಟ್ತೀನಿ. ನೀವು ಹತ್ತು ರೂಪಾಯಿ ಸಂಬಳ ಕೊಡ್ರಿ. ರಸೀದಿ ಬೇರೆ ಬೇರೆ ಆಗ್ಲಿ."

"ಎರಡೂ ಒಂದೇ ಅಲ್ವೇನಮ್ಮ?"

"ಒಂದೇ ಆಗಿದ್ರೆ ಇಷ್ಟು ದಿನ ಹಿರಿಯೂರಾಗೆ ನಾಯಿಗೆ ಅನ್ನ ಹಾಕ್ಕಂಡು ಯಾಕಿರ್ತಿದ್ದೆ?"

ಮೇಷ್ಟ್ರು ಒಪ್ಪಿದರು. ಅರವತ್ತು ಕಟ್ಟಿದ ಮೇಲೆ ಎಲೆಅಡಿಕೆಗೆ ಎರಡು ರೂಪಾಯಿ ಉಳಿಯುತ್ತದೆ. ಸಾಮಾನು ಕಟ್ಟಲು ಹಿರಿಯೂರಿಗೆ ಹೋದಾಗ ಮನೆಯೊಡತಿ, "ಕುಂತು ಉಣ್ಣಾಕಾ?" ಅಂತ ಒಂದೇ ಒಂದು ಮಾತು ಕೇಳಿದಳು. ನಾನು ಸೌಟು ಚೀಲಕ್ಕೆ ಹಾಕಿಕೊಂಡೆ. ಬಸ್ಸು ಹತ್ತಿಸಲು ಬಂದಾಗ ಅವಳ ಕಣ್ಣು ಒದ್ದೆಯಾಗಿತ್ತು. ನಾನು ನೋಡದವಳ ಹಾಗೆ ಕೊಡೆ ಬಿಚ್ಚಿದೆ.

ಸೇರಿದ ದಿನ ಗುಮಾಸ್ತ ನನ್ನ ಹಳೇ ಫಾರಂ ಹಿಡಿದುಕೊಂಡು ನನಗೆ ಕೊಟ್ಟ ಕೋಣೆಗೆ ಬಂದ. ಅದು ದೊಡ್ಡ ಕರಿಯಮ್ಮ ಇದ್ದ ಕೋಣೆ.

"ಅಜ್ಜಿ, ಈ ಕೊನೇ ಕಾಲಂ ತಿದ್ದಿ ಕೊಡ್ರಿ. ನೀವು ಸತ್ರೆ ನಿಮಗೇ ತಿಳಿಸಬೇಕು ಅಂತ ಬರೆದಿದೀರಿ."

"ಇರ್ಲಿ ಬಿಡಪ್ಪ. ಹೋದ ಸಲ ಕಾರ್ಡು ಹಾಕಿದ್ದಕ್ಕೆ ಯಾರು ಬಂದ್ರು?"

ಅವನು ತಲೆ ಕೆರೆದುಕೊಂಡ. "ನೀವೇ ಬಂದ್ರಿ."

"ಮುಂದಿನ ಸಲಾನೂ ನಾನೇ ಬರ್ತೀನಿ. ವಿಳಾಸ ಒಂದು ಬದಲಾಯಿಸ್ಕ."