ಗಂಡನ ಒಪ್ಪಿಗೆ ಪತ್ರ

ನಾನು ಹಟಮಾರಿ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೇಡ ಎಂದವರ ಮುಂದೆಯೇ ಆ ಕೆಲಸ ಮಾಡಿ ತೋರಿಸದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ಮದುವೆಯಾಗಿ ಶಹಾಬಾದಿಗೆ ಬಂದ ಹೊಸತರಲ್ಲಿ ನಮ್ಮತ್ತೆ, “ಸೊಸಿ ಸೈಕಲ್ ಹೊಡದ್ರ ಮಂದಿ ನಗ್ತಾರ” ಎಂದದ್ದಕ್ಕೆ, ಸೈಕಲ್ಲೇ ಬಾರದ ನಾನು ವಾರವಿಡೀ ಮೊಣಕಾಲು ತರಚಿಕೊಂಡು ಕಲಿತೆ. ಮಂದಿ ನಕ್ಕರು. ಅತ್ತೆಯ ಮಾತು ಸುಳ್ಳಾಗಲಿಲ್ಲ.

ಇಂಥ ನನಗೆ ನಲವತ್ತೊಂದನೆಯ ವಯಸ್ಸಿನಲ್ಲಿ ಮತ್ತೆ ಓದುವ ಮನಸ್ಸಾಯಿತು. ಅಷ್ಟರಲ್ಲಾಗಲೇ ನರ್ಸಿಂಗ್ ಡಿಪ್ಲೊಮಾ ಮುಗಿಸಿ, ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಿಕೊಂಡು, ಕಾಳಗಿ ಕಡೆಯ ಒಂದು ಆಸ್ಪತ್ರೆಯಲ್ಲಿ ಹದಿನೈದು ವರ್ಷದಿಂದ ಹೆರಿಗೆ ವಾರ್ಡು ನೋಡುತ್ತಿದ್ದೆ. ಕೂಸು ಬೀಳುವುದು ನನ್ನ ಕೈಗೆ, ನಿರ್ಧಾರ ಮಾತ್ರ ಡಾಕ್ಟರರದು. ನನ್ನಂಥವರು ಒಂದೂವರೆ ವರ್ಷ ತರಬೇತಿ ಪಡೆದು ನರ್ಸ್ ಪ್ರಾಕ್ಟಿಷನರ್ ಆದರೆ ತೊಡಕಿಲ್ಲದ ಹೆರಿಗೆಗಳನ್ನು ಸ್ವಂತ ಜವಾಬ್ದಾರಿಯ ಮೇಲೆ ನಡೆಸಬಹುದೆಂದು ಒಂದು ದಿನ ಸುತ್ತೋಲೆ ಬಂತು. ಇನ್ನೊಂದು ದಾರಿಯೂ ಇತ್ತು: ಮೊದಲು ಡಿಗ್ರಿ, ಅದರ ಮೇಲೆ ಎರಡು ವರ್ಷ ಐಸಿಯು ಓದು. ಅದು ಮುಗಿಯುವ ಹೊತ್ತಿಗೆ ನಾನೇ ಐಸಿಯುನಲ್ಲಿ ಮಲಗಬೇಕಾದೀತೆಂದು ಬಿಟ್ಟೆ.

ಅರ್ಜಿ ಮೇಲಕ್ಕೆ ಹೋಗಬೇಕಾದರೆ ನಮ್ಮ ಹೆಡ್ ಕ್ಲರ್ಕ್ ಗುಂಡೇರಾಯರ ಟೇಬಲ್ ದಾಟಬೇಕು. ಅವರು ಅದನ್ನು ತಿರುವಿ ಹಾಕಿ, “ಸಿಸ್ಟರ್, ನಿಮ್ಮ ಮನಿಯವ್ರದು ಒಪ್ಪಿಗೆ ಪತ್ರ ಎಲ್ಲಿ ಅದರೀ?” ಎಂದರು.

“ಓದಾಕಿ ನಾನ್ರಿ. ಅವ್ರ ಪತ್ರ ಯಾಕ್ಬೇಕು?”

“ಹೆಣ್ಮಕ್ಕಳದು ಹಂಗ ನಡದು ಬಂದದ. ನಾಳಿ ಅವ್ರು ಬಂದು ಜಗಳ ತೆಗದ್ರ?”

“ಯಾವ ರೂಲಿನಾಗ ಅದ, ತೋರಿಸ್ರಿ.”

ಅವರು ರೂಲು ತೋರಿಸಲಿಲ್ಲ, ಅರ್ಜಿಯನ್ನು ಡ್ರಾವರಿಗೆ ಹಾಕಿದರು.

ಸಂಜೆ ಬಸ್ಸಿಳಿದು ಮನೆಗೆ ಹೋಗಿ ಗಂಡನಿಗೆ ಹೇಳಿದೆ. ನನ್ನ ಗಂಡ ಶರಣಪ್ಪ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಪಾಲಿಶ್ ಕೆಲಸದವನು. ಮೈತುಂಬ ಬಿಳಿ ಧೂಳು, ಮನಸ್ಸಿನಲ್ಲಿ ಎಳ್ಳಷ್ಟೂ ಇಲ್ಲ. “ಅಷ್ಟೇನು? ಈಗ ಬರ್ದು ಕೊಡ್ತೀನಿ” ಎಂದು ಪೆನ್ನು ತೆಗೆದೇಬಿಟ್ಟ.

“ಬರ್ದೀರಿ ಮತ್ತ, ಖಬರ್ದಾರ! ನೀವು ಹ್ಯಾಂಡ್ ಕಟಿಂಗ್ ಬಿಟ್ಟು ಮಷೀನ್ ಕಲಿಲಿಕ್ಕ ಹೋದಾಗ ಯಾರರ ನನ್ನ ಚೀಟಿ ಕೇಳಿದ್ರೇನು?”

ಶರಣಪ್ಪ ಪೆನ್ನಿಗೆ ಟೊಪ್ಪಿಗೆ ಹಾಕಿದ. “ನಂದೇನ್ ತಪ್ಪಾತು?” ಎಂದು ಅವ್ವನ ಮುಖ ನೋಡಿದ. ಅತ್ತೆ ಸೈಕಲ್ ಕಾಲದಿಂದ ಪಾಠ ಕಲಿತವರು. “ಅಕಿ ಸುದ್ದಿಗಿ ಹೋಗಬ್ಯಾಡಪಾ” ಎಂದಷ್ಟೇ ಹೇಳಿ ರೊಟ್ಟಿ ಬಡಿಯತೊಡಗಿದರು.

ಮರುದಿನ ನಾನು ಇನ್ನೊಂದು ಅರ್ಜಿ ಬರೆದೆ: ‘ಗಂಡನ ಒಪ್ಪಿಗೆ ಪತ್ರ ಬೇಕೆಂದು ದಯವಿಟ್ಟು ಲಿಖಿತವಾಗಿ ತಿಳಿಸಬೇಕು.’ ಅದನ್ನು ಕೊಟ್ಟು, ಊಟದ ಬಿಡುವಿನಲ್ಲಿ ಗುಂಡೇರಾಯರೆದುರು ಸ್ಟೂಲ್ ಎಳೆದು ಕೂತು ಬುತ್ತಿ ಬಿಚ್ಚಿದೆ. ಜೋಳದ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ. ಅವರು, “ಇಲ್ಯಾಕ ಕುಂತ್ರಿ?” ಎಂದರು. “ಉತ್ತರ ಬರೂತನ ಕಾಯಾಕತ್ತೀನ್ರಿ. ನೀವೂ ಬರ್ರಿ, ಒಂದ್ ತುತ್ತು” ಎಂದೆ. ಎರಡನೆಯ ದಿನ ಉಳ್ಳಾಗಡ್ಡಿ ಎರಡು ತಂದೆ. ಮೂರನೆಯ ದಿನ ನಮ್ಮ ವಾರ್ಡಿನ ಇನ್ನಿಬ್ಬರು ನರ್ಸುಗಳೂ ಬುತ್ತಿ ಹಿಡಿದು ಬಂದರು. ಅಂಥ ಮಾತನ್ನು ಬರೆದು ಸಹಿ ಹಾಕುವ ಧೈರ್ಯ ಗುಂಡೇರಾಯರಿಗೆ ಬರಲಿಲ್ಲ. ನಾಲ್ಕನೆಯ ದಿನ ಅರ್ಜಿ ಮೇಲಕ್ಕೆ ಹೋಯಿತು.

ಪ್ರವೇಶ ಪರೀಕ್ಷೆ ಪಾಸಾಗಿ, ಎದೆ ಸೆಟೆಸಿಕೊಂಡೇ ತರಬೇತಿಗೆ ಹೋದೆ. ಹದಿನೈದು ವರ್ಷದ ಅನುಭವಸ್ಥೆಗೆ ಇವರೇನು ಕಲಿಸಿಯಾರು ಎಂಬ ಠೇಂಕಾರ ಬೇರೆ. ಮೊದಲ ವಾರ ಒಂದು ನಾಟಕದ ಪಾಠ. ಸೇಡಂನಿಂದ ಬಂದಿದ್ದ ಗೆಳತಿ ರೇಣುಕಾ ಹೆರಿಗೆ ನೋವಿನ ಹೆಂಗಸು, ನಾನು ನರ್ಸು. ರೇಣುಕಾ, “ಯವ್ವಾ, ನಾ ಎದ್ದು ಕುಂದ್ರತೀನಿ” ಎಂದು ನರಳಿದಳು. ನನ್ನ ಬಾಯಿ ತಾನಾಗಿಯೇ ತೆರೆಯಿತು: “ಏ, ಒದರಬ್ಯಾಡ. ಹೇಳ್ದಷ್ಟು ಕೇಳು, ಸುಮ್ಮ ಮಕ್ಕೊ.”

ಕಲಿಸುತ್ತಿದ್ದ ಮೇಡಂ ನನಗಿಂತ ಹತ್ತು ವರ್ಷ ಚಿಕ್ಕವರು. “ಅಕ್ಕಾರ, ಹೆಂಗ ಇದ್ರ ಅನುಕೂಲ ಅಂತ ಆಕಿಗಿ ಕೇಳಿದ್ರೇನ್ರಿ?” ಎಂದರು.

ವಾದಿಸಲು ಬಾಯಿ ತೆರೆದೆ. ಅಷ್ಟರಲ್ಲಿ ನಮ್ಮ ವಾರ್ಡು ನೆನಪಾಯಿತು. ಹದಿನೈದು ವರ್ಷದಲ್ಲಿ ಎಷ್ಟು ಹೆಂಗಸರು ನನ್ನೆದುರು ಬಾಯಿ ಮುಚ್ಚಿಕೊಂಡು ಹಡೆದರೋ. ಅವರಲ್ಲಿ ಒಬ್ಬಳಿಗೂ ನಾನು ಈ ಪ್ರಶ್ನೆ ಕೇಳಿರಲಿಲ್ಲ.

ಇನ್ನೊಮ್ಮೆ ಮಾಡಿ ಎಂದರು ಮೇಡಂ. ನಾನು ರೇಣುಕಾಳ ಕೈ ಹಿಡಿದು, ಇದ್ದ ಮೆತ್ತಗಿನ ದನಿಯನ್ನೆಲ್ಲ ಒಟ್ಟುಗೂಡಿಸಿ, “ಹೆಂಗ ಇದ್ರ ಆರಾಮ ಅನಸ್ತದವ್ವಾ?” ಎಂದು ಕೇಳಿದೆ.

ರೇಣುಕಾ ನರಳುವುದನ್ನು ನಿಲ್ಲಿಸಿ ಕಣ್ಣು ತೆರೆದಳು. “ಕೇಳಸ್ಲಿಲ್ರಿ ಅಕ್ಕಾ, ಸ್ವಲ್ಪ ಜೋರ್ ಅನ್ರಿ.”