ಅಟ್ಟದ ಹದಿನೇಳು ಡಬ್ಬಿಗಳು

"ಈ ತಿಂಗಳು ಮುಗಿಯೋದರೊಳಗ ಅಟ್ಟ ಖಾಲಿ ಮಾಡಲಿಲ್ಲಂದ್ರ ನನ್ನ ಹೆಸರು ಅಣವೀರಪ್ಪನೇ ಅಲ್ಲ!" ಎಂದು ಹೆಂಡತಿ ದಾನೇಶ್ವರಿಯ ಮುಂದೆ ಎದೆ ತಟ್ಟಿದವನು ನಾನೇ. ಘಾಟ್ಕೋಪರಿನ ನಮ್ಮ ಫ್ಲ್ಯಾಟಿನಲ್ಲಿ ಅಡುಗೆಮನೆಯ ಅಟ್ಟಕ್ಕೆ ಕೈ ಹಾಕಿ ಉದ್ಧಾರವಾದವರಿಲ್ಲ. ಅವಳು ನಕ್ಕಳು.

ಉಪಾಯ ಕೊಟ್ಟವಳು ಮಗಳು ಶ್ರೇಯಾ. ಫಾರಿನ್ನಿನವರು ಹಳೆಯ ಸಾಮಾನನ್ನು ಅಂಗಳದಲ್ಲಿ ಹರಡಿ ಮಾರುವುದನ್ನು ಮೊಬೈಲಿನಲ್ಲಿ ತೋರಿಸಿ, "ಪಪ್ಪಾ, ನಾವೂ ಯಾರ್ಡ್ ಸೇಲ್ ಮಾಡೋಣ, ಮಸ್ತ್ ಆಗ್ತದೆ" ಎಂದಳು. ಆರನೇ ಮಹಡಿಯಲ್ಲಿ ಅಂಗಳ ಎಲ್ಲಿಂದ ತರುವುದು? ಲಿಫ್ಟಿನ ಮುಂದಿನ ಪ್ಯಾಸೇಜನ್ನೇ ಅಂಗಳವೆಂದು ಸಾರಿದೆ. ದಾನೇಶ್ವರಿ ಕಾಂದಿವಲಿಯ ಅಕ್ಕನ ಮನೆಗೆ ಹೊರಟ ಭಾನುವಾರವನ್ನೇ ಆರಿಸಿದೆ. ಅವಳಿದ್ದರೆ ಒಂದು ಚಮಚವೂ ಹೊಸಲು ದಾಟುವುದಿಲ್ಲ.

ಅಟ್ಟದಿಂದ ಇಳಿದದ್ದು ಕೆಟ್ಟ ಮಿಕ್ಸರ್, ನಿಂತುಹೋದ ಮೂರು ಗಡಿಯಾರ, ಮತ್ತು ಒಂದು ಮೂಟೆ ಸ್ಟೀಲ್ ಡಬ್ಬಿ. ಎಣಿಸಿದರೆ ಹದಿನೇಳು! ಒಂದರಂತೆ ಇನ್ನೊಂದಿಲ್ಲ. ಪುಣ್ಯಾತ್ಗಿತ್ತಿ ಇಷ್ಟೆಲ್ಲ ಯಾವಾಗ ಕೊಂಡಳೋ ಎಂದು ಬೆರಗಾದೆ. ಪ್ರತಿಯೊಂದರ ತಳದಲ್ಲಿಯೂ ಏನೋ ಗೀರುಗಳಿದ್ದವು. ಕನ್ನಡಕ ಹುಡುಕಲು ಸೋಮಾರಿತನ. ಗೀರು ಕಂಡರೆ ಗಿರಾಕಿಗಳು ಚೌಕಾಸಿ ಮಾಡುತ್ತಾರೆಂದು, ಬೆಲೆಯ ಚೀಟಿಯನ್ನು ಅವುಗಳ ಮೇಲೆಯೇ ಒತ್ತಿ ಅಂಟಿಸಿದೆ. ವ್ಯಾಪಾರಕ್ಕೆ ತಲೆ ಬೇಕು ನೋಡಿ!

ಬಿಲ್ಡಿಂಗಿನ ವಾಟ್ಸಾಪ್ ಗ್ರೂಪಿಗೆ ಮೆಸೇಜ್ ಹಾಕಿದೆ. ಮೊದಲ ಗಿರಾಕಿ ನಾಲ್ಕನೇ ಮಹಡಿಯ ರೂಪಾಲಿ ವೈನಿ. ಬೆಳಗಾವಿಯವರು, ಅದಕ್ಕೇ ಅತ್ತಿಗೆ ಅನ್ನದೆ ವೈನಿ ಅನ್ನುತ್ತೇವೆ; ಮಾತು ನೇರ. ಒಂದು ಡಬ್ಬಿ ಎತ್ತಿ, ತಿರುಗಿಸಿ, ಉಗುರಿನಿಂದ ಚೀಟಿ ಕಿತ್ತರು.

"ಭಾವೋಜಿ, ಇದರ ಮ್ಯಾಲ ನಮ್ಮ ಅವ್ವನ ಹೆಸರು ಐತಲ್ರಿ."

ಓಡಿಹೋಗಿ ಕನ್ನಡಕ ತಂದು ನೋಡಿದೆ. 'ಸೋಮವ್ವ, ಬೆಳಗಾವಿ' ಎಂದು ಪಾತ್ರೆ ಅಂಗಡಿಯವನು ಕೊರೆದ ಅಕ್ಷರಗಳು!

"ಮೂರ ವರ್ಷದ ಹಿಂದ ದೀಪಾವಳಿಗೆ ಚಕ್ಕುಲಿ ತುಂಬಿ ಕೊಟ್ಟಿದ್ದೆ. ನನ್ನ ಡಬ್ಬಿ ನನಗ ಎಂಬತ್ತ ರೂಪಾಯಿಗೆ ಮಾರಾಕತ್ತೀರೇನು? ಅದೂ ಹೆಸರ ಮುಚ್ಚಿ?"

ಅಷ್ಟರಲ್ಲಿ ಐದನೇ ಮಹಡಿಯ ಹಿತೇಶ್‌ಭಾಯಿ ಇನ್ನೊಂದನ್ನು ಎತ್ತಿ, "ಅರೇ, ಯೇ ತೋ ಹಮಾರಾ ಢೋಕ್ಲಾವಾಲಾ ಡಬ್ಬಾ!" ಎಂದರು. ಆಮೇಲೆ ಬೆಲೆ ಕೇಳಿದವರೇ ಇಲ್ಲ. ಬಂದವರೆಲ್ಲ ಡಬ್ಬಿ ಬೋರಲು ಹಾಕಿ ಹೆಸರು ಓದುವವರೇ. ಹದಿನೇಳು ಡಬ್ಬಿ, ಹದಿನೇಳು ಮನೆ! ಹಿಂದಿನಿಂದ ಯಾರೋ "ಚೋರ್ ಬಜಾರ್" ಎಂದರು. ಹದಿನಾಲ್ಕು ವರ್ಷ ಈ ಬಿಲ್ಡಿಂಗಿನಲ್ಲಿ ದಾನೇಶ್ವರಿ ಗಳಿಸಿದ ಮಾನವನ್ನು ಒಂದೇ ಗಂಟೆಯಲ್ಲಿ ಹರಾಜಿಗಿಟ್ಟಿದ್ದೆ. ನಾಳೆ ಅವಳು ಯಾವ ಮುಖ ಹೊತ್ತು ಲಿಫ್ಟ್ ಹತ್ತಬೇಕು?

ಆಗಲೇ ಲಿಫ್ಟಿನ ಬಾಗಿಲು ತೆರೆಯಿತು. ಒಳಗೆ ದಾನೇಶ್ವರಿ! ವಾಟ್ಸಾಪ್ ಗ್ರೂಪಿನಲ್ಲಿ ಅವಳೂ ಇದ್ದಾಳೆ ಎಂಬುದು ನನಗೆ ಹೊಳೆದದ್ದೇ ಆಗ. ಮೆಸೇಜ್ ಓದಿ ಅರ್ಧ ದಾರಿಯಿಂದಲೇ ತಿರುಗಿ ಬಂದಿದ್ದಳು. ಅವಳು ಹರಡಿದ ಡಬ್ಬಿಗಳನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಅವಳು ರೂಪಾಲಿ ವೈನಿಯ ಕಡೆ ತಿರುಗಿದಳು.

"ವೈನಿ, ಖಾಲಿ ಡಬ್ಬಿ ತಿರುಗಿ ಕೊಡಬಾರದಲ್ರಿ. ಏನರ ಮಾಡಿ ತುಂಬಿ ಕೊಡೂಣಂತ ಇಟ್ಟಿದ್ದೆ, ಇಟ್ಟಿದ್ದು ಇಟ್ಟಂಗ ಉಳೀತು. ತಪ್ಪು ನಂದ. ಮುಂದಿನ ಐತವಾರ ಎಲ್ಲಾರ ಮನಿಗೂ ತುಂಬಿದ ಡಬ್ಬೀನ ಬರ್ತಾವ. ಇವರ ಕೈಲೇ ಕಳಸ್ತೀನಿ."

ಅದನ್ನೇ ಹಿಂದಿಯಲ್ಲೂ ಹೇಳಿದಾಗ ಮುಖಗಳು ಸಡಿಲವಾದವು, ಜನ ಡಬ್ಬಿಗಳನ್ನು ಅಲ್ಲೇ ಬಿಟ್ಟು ಚದುರಿದರು. ಬದುಕಿದೆಯಾ ಬಡಜೀವವೇ ಎಂದುಕೊಂಡೆ. ಮನೆಯ ಬಾಗಿಲು ಮುಚ್ಚಿದ ಮೇಲೆ ಅವಳೆಂದಳು: "ಕಣಕ ನಾದೋರೂ ನೀವ, ಲಟ್ಟಿಸೋರೂ ನೀವ."

ಆ ವಾರವೆಲ್ಲ ಆಫೀಸಿನಿಂದ ಬಂದು ಶೇಂಗಾ ಹುರಿದೆ, ಸಿಪ್ಪೆ ತೆಗೆದೆ, ಬೆಲ್ಲ ಕುಟ್ಟಿದೆ. ಶನಿವಾರ ಡಬ್ಬಿಗೆ ಹತ್ತರಂತೆ ನೂರಾ ಎಪ್ಪತ್ತು ಶೇಂಗಾ ಹೋಳಿಗೆ ಲಟ್ಟಿಸಿದೆ. ಮೊದಲ ಇಪ್ಪತ್ತರ ಆಕಾರವನ್ನು ಕೇಳಬೇಡಿ.

ಭಾನುವಾರ ರೂಪಾಲಿ ವೈನಿ ಒಂದು ತುಂಡು ಬಾಯಿಗಿಟ್ಟು ನಕ್ಕಾಗ ನಿಜಕ್ಕೂ ನನ್ನ ಕಣ್ಣು ಒದ್ದೆಯಾಯಿತು. "ಇಷ್ಟ ಕಷ್ಟಪಟ್ಟೀರಿ, ಬರಿಗೈಲೆ ಹ್ಯಾಂಗ ಕಳಸಲಿ?" ಎಂದು ಒಳಗೆ ಹೋದವರು ಚಿವಡಾ ತುಂಬಿದ ಡಬ್ಬಿಯೊಂದನ್ನು ನನ್ನ ಕೈಗಿಟ್ಟರು. ಹಿತೇಶ್‌ಭಾಯಿಯ ಮನೆಯಲ್ಲಿ ಖಾಕ್ರಾ. ಮೂರನೇ ಮಹಡಿಯಲ್ಲಿ ಬೇಸನ್ ಲಾಡು. ಬೇಡವೆಂದರೆ ಕೇಳುವವರು ಯಾರು? ನಾಲ್ಕು ಮನೆಯವರಂತೂ ಎರಡೆರಡು ಕೊಟ್ಟರು.

ಹದಿನೇಳು ಡಬ್ಬಿ ಹೊತ್ತು ಹೋದವನು ಇಪ್ಪತ್ತೊಂದು ಹೊತ್ತು ಬಂದೆ! ದಾನೇಶ್ವರಿ ಒಂದೊಂದನ್ನೇ ತಿರುಗಿಸಿ ತಳದ ಹೆಸರು ಓದಿದಳು. ಆಮೇಲೆ ಸ್ಟೂಲ್ ತಂದು ಅಟ್ಟದ ಕೆಳಗಿಟ್ಟಳು.

"ಏನ್ರಿ, ತಿಂಗಳು ಮುಗೀತು. ನಿಮ್ಮ ಹೊಸಾ ಹೆಸರು ಏನಂತ ಹೇಳ್ರಿ. ಡಬ್ಬಿ ಮ್ಯಾಲ ಹಾಕಸ್ತೀನಿ."